ಜೇವರ್ಗಿಯಲ್ಲಿ ಕೈ ಎತ್ತಿದ್ದು

ನಮ್ಮ ರಾಕ್ ಬ್ಯಾಂಡಿನಲ್ಲಿ ನಾಲ್ವರಿದ್ದೆವು. ಹಾಡು, ಗಿಟಾರ್ ಎರಡೂ ಗುರುಶಾಂತನವು. ಬ್ಯಾಂಡೂ ತನ್ನದೇ ಎಂದು ಅವನು ತಿಳಿದಿದ್ದ. ಡ್ರಮ್ಸ್ ಅನೂಪ, ಸೌಂಡ್ ಮಾಳಿಂಗ, ಕೀಬೋರ್ಡ್ ನಾನು. ಕ್ರೂಸರ್ ಗಾಡಿಯ ಮೇಲೆ ಸ್ಪೀಕರ್ ಕಟ್ಟಿಕೊಂಡು ಆ ವರ್ಷ ಆಳಂದ, ಅಫಜಲಪುರ, ಜೇವರ್ಗಿ ತಿರುಗಿದೆವು. ಎಲ್ಲ ಕಡೆ ಕಾಲೇಜಿನ ಗ್ಯಾದರಿಂಗು, ಅಂದರೆ ವಾರ್ಷಿಕೋತ್ಸವ.

ಜನ ಕೇಳಿ ಹಾಡಿಸುತ್ತಿದ್ದ ಒಂದು ಹಾಡಿತ್ತು. ಅದರ ಆರಂಭ ನಾನು ಕಟ್ಟಿದ್ದು. ಉಳಿದವರು ಸುಮ್ಮನಿರುತ್ತಾರೆ, ಕೀಬೋರ್ಡ್ ಒಂದೇ ನುಡಿಯುತ್ತದೆ. ಅದು ಮುಗಿಯುವ ಮೊದಲೇ ಗುರುಶಾಂತನ ಧ್ವನಿ ಬಂದು ಸೇರುತ್ತದೆ. ಅಷ್ಟು ಹೊತ್ತೂ ಎಲ್ಲಿ ತಪ್ಪೀತೋ ಎಂದು ಅಂಜುತ್ತೇನೆ. ವೇದಿಕೆ ಹತ್ತುವ ಮೊದಲು ವೈರು, ಅಡಾಪ್ಟರ್, ಸ್ಟ್ಯಾಂಡಿನ ತಿರುಪು ಎಲ್ಲ ಮತ್ತೆ ಮತ್ತೆ ಮುಟ್ಟಿ ನೋಡುತ್ತೇನೆ.

“ಮಂಜರಿ, ಸ್ಟೇಜು ಓಡಿ ಹೋಗಂಗಿಲ್ಲ ಬೇ,” ಎಂದು ಗುರುಶಾಂತ ನಗುತ್ತಿದ್ದ.

ಆಳಂದದಲ್ಲಿ ಮಧ್ಯಾಹ್ನ ಸೌಂಡ್ ಚೆಕ್‌ನಲ್ಲಿ ತಪ್ಪಿಲ್ಲದೆ ಬಂದದ್ದು ಸಂಜೆ ಒಂದು ಕಡೆ ತಡವರಿಸಿತು. ಅಫಜಲಪುರದಲ್ಲಿ ಮಾತ್ರ ಎಲ್ಲರೂ ಹೊಗಳಿದರು. ಆಯೇಶಾ ಎಂಬ ವಿದ್ಯಾರ್ಥಿನಿ ನನ್ನ ಕೈ ಹಿಡಿದು, “ಅಕ್ಕಾ, ನಾನೂ ಇದನ್ನ ಕಲೀತೇನ್ರಿ,” ಎಂದಳು. ಆ ಮಾತನ್ನು ನಾನು ಬಹಳ ದಿನ ಜೋಪಾನ ಮಾಡಿದೆ.

ಜೇವರ್ಗಿಯಲ್ಲಿ ಗುರುಶಾಂತನ ಗಂಟಲು ಕಟ್ಟಿತ್ತು. “ಕಪ್ಪು ಎರಡು ಇವತ್ತ ಆಗಂಗಿಲ್ಲ, ಕಪ್ಪು ಒಂದಕ್ಕ ಇಳಸೂಣು,” ಎಂದ. ನಮ್ಮ ಕಡೆ ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು, ಬಿಳಿ ಮನೆಗಳಿಂದ ಹೇಳುತ್ತಾರೆ. ಅವನು ಗಿಟಾರಿನ ತಂತಿ ಸಡಿಲಿಸಿದ. ನಾನು ಗುಂಡಿ ಒತ್ತಿ ಕೀಬೋರ್ಡಿನ ಶ್ರುತಿ ಇಳಿಸಿದೆ.

ನುಡಿಸತೊಡಗಿದೆ. ನುಡಿಸಿದ್ದು ನನಗೆ ಕೇಳಲೆಂದು ಹಾಕಿಕೊಳ್ಳುವ ಇಯರ್‌ಫೋನಿನಲ್ಲಿ ಎಲ್ಲ ಸರಿಯಾಗಿತ್ತು. ಗುರುಶಾಂತ ಬಾಯಿ ತೆರೆದದ್ದೇ ಮುಂದಿನ ಸಾಲಿನವರು ಮುಖ ಕಿವಿಚಿದರು.

“ಯಕ್ಕಾ, ಪೆಟಿಗಿ ರಿಪೇರಿಗೆ ಒಯ್ರಿ,” ಎಂದು ಯಾವನೋ ಕೂಗಿದ.

ಗುರುಶಾಂತ ಹಾಡು ನಿಲ್ಲಿಸಿ ಮೈಕಿನಲ್ಲೇ ಹೇಳಿದ: “ಸ್ವಲ್ಪ ಸಂಭಾಳಿಸ್ಕೋರಿ. ನಮ್ಮ ಕೀಬೋರ್ಡ್ ಮೇಡಮ್ಮಗ ಇವತ್ತ ಗಾಬ್ರಿ ಆಗೇದ.”

ಜನ ನಕ್ಕರು. ನಾನು ಒಂದು ಕಿವಿಯ ಇಯರ್‌ಫೋನ್ ಕಿತ್ತೆ. ದೊಡ್ಡ ಸ್ಪೀಕರಿನಲ್ಲಿ ನನ್ನ ರಾಗ ಹಳೆಯ ಶ್ರುತಿಯಲ್ಲೇ ಇತ್ತು. ಎರಡೂ ಕೈ ಮೇಲೆತ್ತಿದೆ. ಸ್ಪೀಕರಿನಲ್ಲಿ ಕೀಬೋರ್ಡ್ ನುಡಿಯುತ್ತಲೇ ಇತ್ತು. ನಗು ನಿಂತಿತು.

ವೇದಿಕೆಯ ಪಕ್ಕದಲ್ಲಿದ್ದ ಮಾಳಿಂಗನ ಬಳಿ ಹೋದೆ. ಅವನು ತಲೆ ಎತ್ತಲಿಲ್ಲ.

“ಅಫಜಲಪುರದಿಂದ ಹಿಂಗೇ ಐತ್ರಿ ಅಕ್ಕಾ. ಆಳಂದದ ಸೌಂಡ್ ಚೆಕ್‌ನಾಗ ನೀವು ನುಡಿಸಿದ್ದು ಪೆನ್‌ಡ್ರೈವಿನ್ಯಾಗ ಐತಿ. ಜನಕ್ಕ ಅದನ್ನ ಹಚ್ಚಿ, ನಿಮ್ದು ನಿಮ್ಮ ಕಿವಿಗಷ್ಟ ಬಿಡತಿದ್ದೆ. ಗುರುಶಾಂತಣ್ಣ ಹೇಳಿದ್ರು. ಇವತ್ತ ಶ್ರುತಿ ಇಳಿಸಿದ್ದು ನನಗ ಯಾರೂ ಹೇಳಲಿಲ್ಲ.”

ಗುರುಶಾಂತ ಮೈಕಿಗೆ ಕೈ ಅಡ್ಡ ಹಿಡಿದು ಬಗ್ಗಿದ. “ನಿನ್ನ ಸಲುವಾಗೇ ಮಾಡೇನಿ. ನೀ ಅಂಜತಿ. ಅದರಾಗ ಇದ್ದದ್ದೂ ನಿನ್ನ ಕೈಯೇ ಅಲ್ಲೇನು?”

“ಈಗ ಜನ ನಕ್ಕಿದ್ದೂ ನನಗೇ ಅಲ್ಲೇನು?”

“ಇಲ್ಲೇ ಬ್ಯಾಡ. ಆಮ್ಯಾಲೆ ಮಾತಾಡೂಣು.”

ಆಯೇಶಾ ಹಿಡಿದದ್ದು ನನ್ನ ಕೈ. ಅವಳು ಕೇಳಿದ್ದು ಮಾಳಿಂಗನ ಪೆನ್‌ಡ್ರೈವ್. ಅಂಜುತ್ತ ನುಡಿಸುವುದೂ ನುಡಿಸುವುದೇ. ಗುರುಶಾಂತ ಅದನ್ನು ನನ್ನಿಂದ ಕಿತ್ತುಕೊಂಡು, ಉಪಕಾರ ಎಂದು ನನಗೇ ಹೇಳುತ್ತಿದ್ದ.

“ಮಾಳಿಂಗ, ಅದನ್ನ ತೆಗಿ. ನಂದು ದೊಡ್ಡ ಸ್ಪೀಕರಿಗೆ ಬಿಡು.”

ವೇದಿಕೆಗೆ ಮರಳಿ ಕೀಬೋರ್ಡನ್ನು ಮತ್ತೆ ಕಪ್ಪು ಎರಡಕ್ಕೆ ಏರಿಸಿ ಮೊದಲಿನಿಂದ ನುಡಿಸಿದೆ. ಒಂದು ಕಡೆ ಬೆರಳು ಜಾರಿತು. ಜಾರಿದ್ದು ಎಲ್ಲರಿಗೂ ಕೇಳಿಸಿತು. ಗುರುಶಾಂತ ಶ್ರುತಿ ಇಳಿಸು ಎಂದು ಸನ್ನೆ ಮಾಡಿದ. ನಾನು ಅವನನ್ನು ನೋಡುತ್ತಲೇ ನುಡಿಸಿದೆ. ಸಡಿಲಿಸಿದ ಗಿಟಾರ್ ಹೊಂದಲಿಲ್ಲ, ಬದಿಗಿಟ್ಟ. ಜನ ಕಾಯುತ್ತಿದ್ದರು, ಹಾಡಲೇಬೇಕಾಯಿತು. ಮೂರನೆಯ ಸಾಲು ಏರುವಲ್ಲಿ ಅವನ ಧ್ವನಿ ಒಡೆಯಿತು.

ಮುಂದಕ್ಕೆ ಹೋಗೋಣವೆಂದು ಅನೂಪ ಡ್ರಮ್ಸಿನ ಹಿಂದಿನಿಂದ ತಲೆ ಆಡಿಸಿದ. ನಾನು ಗುರುಶಾಂತನ ಧ್ವನಿ ಒಡೆದ ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದೆ.