ಭಂಡಾರ ಬೀಳುವ ಜಾಗ

ಇದರಲ್ಲಿ ಒಂದು ಮಾತು ಸುಳ್ಳಾದರೂ ಬೆಳಗಾಗುವುದರೊಳಗೆ ನನ್ನ ಹೆಣ್ಣುಕುರಿಗಳೆಲ್ಲ ಟಗರಾಗಲಿ. ಹಿಮಾಲಯದ ಒಂದು ಶಿಖರದ ತುದಿಗೆ ಕಾಲಿಟ್ಟ ಕೂಡಲೇ ರಂಜಿತಾ ಮಾಡಿದ ಮೊದಲ ಕೆಲಸ ಓಕರಿಸಿದ್ದು.

ಅವಳು ಮಾಡದಕೆರೆಯ ಕುರಿ ಕಾಯುವ ಕೆಂಚಕ್ಕನ ಮಗಳು, ಚಿತ್ರದುರ್ಗದ ಬಂಡೆಗಳ ಮೇಲೆ ಹತ್ತುವುದನ್ನು ಕಲಿತವಳು. ಕೆಂಚಕ್ಕ ಅವಳನ್ನು ಒಂದೇ ಮಾತಿನ ಮೇಲೆ ಕಳಿಸಿದ್ದಳು. ಕುಲದೇವರಾದ ಬೀರಪ್ಪನ ಭಂಡಾರವನ್ನು, ಆ ಅರಿಶಿನದ ಪುಡಿಯನ್ನು, ತುದಿಯಲ್ಲಿ ಎರಚಬೇಕು. ಎರಚದೆ ಮನೆಗೆ ತರುವಂತಿಲ್ಲ. ಮೈಲಿಗೆಯ ಮೇಲೆ ಬೀಳಿಸುವಂತಿಲ್ಲ. ತಪ್ಪಿದರೆ ಇನ್ನು ಮುಂದೆ ಅವಳು ಬೆಟ್ಟ ಹತ್ತುವಂತಿಲ್ಲ.

ತುದಿ ಎಂದರೆ ಒಂದು ಚಾಪೆಯಷ್ಟು ಜಾಗ. ಮುಂಚೆ ಬಂದವರ ಉಚ್ಚೆ ಹಳದಿ ಗಡ್ಡೆಯಾಗಿ ನಿಂತಿತ್ತು. ಗುಟ್ಕಾ ಚೀಟಿ, ಹರಿದ ಬ್ಯಾನರು, ಯಾರೋ ಕಕ್ಕಿದ ಅನ್ನ, ಅಗುಳು ಅಗುಳೂ ಕಾಣುವಂತೆ. ನಡುವೆ ಒಂದು ಪುಟ್ಟ ಗುಡ್ಡೆ. ಅದೇನೆಂದು ಹೇಳುವುದಿಲ್ಲ, ನೀವು ಈಗಷ್ಟೇ ಉಂಡು ಬಂದಿದ್ದೀರಿ.

"ಬೇಗ ಎರಚಮ್ಮ, ಫೋಟೋ ತೆಗಿತೀನಿ. ಮೋಡ ಬರ್ತಾ ಐತೆ," ಎಂದ ತಂಡದ ಮುಂದಾಳು, ಹಿರಿಯೂರಿನ ಚೇತನ್‌ಕುಮಾರ್.

"ಇದರ ಮ್ಯಾಲಾ? ಥೂ! ನಮ್ ಕುರಿ ರೊಪ್ಪನೇ ಇದಕಿಂತ ಚೊಕ್ಕ ಐತಣ್ಣ."

"ಫೋಟೋದಾಗೆ ವಾಸ್ನೆ ಬರಲ್ಲ ಕಣಮ್ಮ!"

"ದೇವ್ರಿಗೆ ಬರ್ತದೆ."

ಅವಳು ಮಂಡಿಯೂರಿ, ಮಂಜು ಕಡಿಯುವ ಕೊಡಲಿಯಿಂದ ಕೆರೆಯತೊಡಗಿದಳು. ಎರಡು ಸಲ ಕೆರೆದರೆ ಉಸಿರು ಕಟ್ಟುತ್ತಿತ್ತು. ಕೆರೆದದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿದಳು.

"ತಲೆ ಕೆಟ್ಟೈತಾ ನಿಂಗೆ? ಇಲ್ಲೇ ಸಾಯ್ತೀವಿ! ನಾನ್ ಇಳಿತೀನಿ."

"ಇಳಿಯಣ್ಣ."

ಅವನು ನಿಜಕ್ಕೂ ಇಳಿದ. ಫೋಟೋ ತೆಗೆಯುವ ಫೋನೂ ಅವನೊಂದಿಗೇ ಇಳಿಯಿತು. ಅವನ ಬೈಗುಳಗಳು ಮಾತ್ರ ಆ ಚಳಿಗೆ ಗಾಳಿಯಲ್ಲೇ ಹೆಪ್ಪುಗಟ್ಟಿ, ಒಂದೊಂದಾಗಿ ಅವಳ ಮುಂದೆ ಟಣ್ ಟಣ್ ಎಂದು ಬಿದ್ದವು. ಅವನ್ನೂ ಗುಡಿಸಿ ಚೀಲಕ್ಕೆ ಹಾಕಿದಳು. ನೆಲ ಬೆಳ್ಳಗಾದ ಮೇಲೆ ಭಂಡಾರ ಎರಚಿದಳು. ಅರ್ಧ ನೆಲಕ್ಕೆ ಬಿತ್ತು, ಅರ್ಧ ಅವಳ ಮುಖಕ್ಕೆ.

ಕೆಳಗಿನ ಡೇರೆಗೆ ಬರುವಷ್ಟರಲ್ಲಿ ಚೀಲದೊಳಗಿನದು ಕರಗಿ ಕೈಗವಸಿಗೆ ಸೋರಿತು. ನಾತಕ್ಕೆ ಸಾಮಾನು ಹೊರುವ ಯಾಕ್‌ಗಳು ಗೂಟ ಕಿತ್ತುಕೊಂಡು ಟಿಬೆಟ್ಟಿನ ಕಡೆ ಓಡಿದವು. ಸೋಪು ಸವೆಯಿತು, ಕೈಯ ವಾಸನೆ ಹೋಗಲಿಲ್ಲ. ಊರಿಗೆ ವಾಪಸು ಬರುವ ದಾರಿಯಲ್ಲಿ ಚೇತನ್‌ಕುಮಾರ್ ಹಿರಿಯೂರಿನಲ್ಲಿ ಇಳಿದುಕೊಂಡ.

ಮನೆಯ ಮುಂದೆ ಸೋದರಮಾವ ಸಣ್ಣತಿಮ್ಮಪ್ಪ ಕಾದಿದ್ದ. "ಎಲ್ಲೈತಮ್ಮ ಫೋಟೋ? ಬರೇ ಬಾಯಾಗೆ ಹತ್ತಿದ್ರೆ ನಾನೂ ಹತ್ತೀನಿ, ನಮ್ಮ ಟಗರೂ ಹತ್ತೈತೆ!"

ಕೆಂಚಕ್ಕ ನಗಲಿಲ್ಲ. "ಜಾಗ ಚೊಕ್ಕ ಇತ್ತೇನೆ?"

ರಂಜಿತಾ ಎರಡೂ ಕೈ ಚಾಚಿದಳು. ಕೆಂಚಕ್ಕ ಮೂಸಿದಳು. "ಅಯ್ಯೋ, ಥೂ!" ಎಂದು ಮುಖ ತಿರುಗಿಸಿದಳು. ಆಮೇಲೆ ಹಂಡೆಯಿಂದ ಬಿಸಿನೀರು ತೋಡಿ, ಸೀಗೆಪುಡಿ ಹಾಕಿ, ಮಗಳ ಬೆರಳ ಸಂದು ಸಂದನ್ನೂ ತಾನೇ ತಿಕ್ಕತೊಡಗಿದಳು.

ನಂಬಿದಿರೋ ಬಿಟ್ಟಿರೋ, ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಎದ್ದು ಒಂದು ಟೀ ತನ್ನಿ. ಲೋಟದೊಳಗೆ ಬೆರಳು ಅದ್ದಿಕೊಂಡು ಮಾತ್ರ ತರಬೇಡಿ.