ಬಾವಿಯ ಮೇಲಿನ ರಾಗಿ

ಹೊಂಬಾಳಮ್ಮ ತನ್ನ ಮನೆಯ ಮಣೆಯನ್ನು ಕಂಕುಳಲ್ಲಿ ಅವುಚಿಕೊಂಡು ಮತ್ತೆ ರಸ್ತೆ ದಾಟಿದಳು. ಆಗಲೇ ದೀಪದ ಕಂಬ ಕೊಟ್ಟಾಗಿತ್ತು, ಚಾಪೆ ಕೊಟ್ಟಾಗಿತ್ತು. ಈಗ ಹೆಣ ಕೂರಿಸಲು ಮಣೆ. ಎದುರು ಮನೆಯ ಸಿದ್ದಗಂಗಮ್ಮ ಬೆಳಗಿನ ಜಾವ ತೀರಿಕೊಂಡಿದ್ದಳು. ಆ ಮನೆಯಲ್ಲಿ ಹಳೆಯದೆಂಬುದು ಅವಳೊಬ್ಬಳೇ ಉಳಿದಿದ್ದಳು.

"ಸೋಫಾ ಐತೆ, ಮೀನಿನ ತೊಟ್ಟಿ ಐತೆ, ಸತ್ತೋರ್ನ ಕೂರ್ಸಕ್ಕೆ ಒಂದ್ ಮಣೆ ಇಲ್ಲ ಕಣ್ರೀ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಸೊಸೆ ಸೌಂದರ್ಯ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. ತಿಪಟೂರಿನಿಂದ ಬಂದ ನೆಂಟರೊಬ್ಬರು ಸಾವಿನ ಮನೆಯೆಂಬುದನ್ನೂ ಮರೆತು, "ಮನೆ ಎಷ್ಟ್ ನೀಟಾಗೈತೆ," ಎಂದರು.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಕರಿಬಸವಯ್ಯ, ಹೆಣದ ಹಣೆಗೆ ವಿಭೂತಿ ಬಳಿದು, ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇರಿಸಿದರು. ಆಮೇಲೆ ಅವಳ ಮಗನತ್ತ ತಿರುಗಿದರು.

"ಯೋಗೀಶ, ಅವ್ವನ ಲಿಂಗ ಎಲ್ಲಪ್ಪ? ಕೊರಳಲ್ಲಿ ಕಾಣಲ್ವಲ್ಲ."

ಯೋಗೀಶ್ ಬೆವರಿದ. "ಬ್ಯಾಂಕ್ ಲಾಕರ್‌ನಲ್ಲೈತೆ ಬುದ್ಧಿ. ಲಿಂಗದ ಕರಡಿಗೆ ಬೆಳ್ಳೀದು ಅಂತ ಇಟ್ಟಿದ್ದೆ. ಇವತ್ತು ಭಾನುವಾರ ನೋಡಿ..."

"ಬದುಕಿರೋರ ಲಿಂಗಾನ ಲಾಕರ್‌ನಲ್ಲಿ ಇಡ್ತಾರೇನಪ್ಪ?"

*

ಬೇಸಿಗೆಯಲ್ಲಿ ಸಿದ್ದಗಂಗಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆಗೆ ಪೆಟ್ಟು ಮಾಡಿಕೊಂಡಿದ್ದಳು. ಆಪರೇಷನ್ ಹೊತ್ತಿಗೆ ಮೈಮೇಲೆ ಏನೂ ಇರಕೂಡದೆಂದರು ಡಾಕ್ಟರು. ಎಂದೂ ಕೊರಳಿಂದ ಇಳಿಯದ ಲಿಂಗವನ್ನು ಕರಡಿಗೆಯ ಸಮೇತ ಬಿಚ್ಚಿ, ಬೆಳ್ಳಿಗೆ ಕಳ್ಳರ ಭಯವೆಂದು, ಆಸ್ಪತ್ರೆಗೆ ಹೊರಡುವ ಮುನ್ನ ತೆವಳಿಕೊಂಡು ಹೋಗಿ ನಡುಮನೆಯ ರಾಗಿ ತುಂಬಿದ ಮಣ್ಣಿನ ಗುಡಾಣದೊಳಗೆ ಹೂತಿಟ್ಟಳು. ಯಾರಿಗೂ ಹೇಳಲಿಲ್ಲ.

ಅವಳು ಆಸ್ಪತ್ರೆಯಲ್ಲಿದ್ದಾಗ ಯೋಗೀಶ್ ಮನೆ ಖಾಲಿ ಮಾಡಿಸಿದ. ಅವ್ವನ ಕಾಲಿಗೆ ಎಡವುವ ಸಾಮಾನೇ ಇರಬಾರದೆಂದು ಅವನ ಲೆಕ್ಕ. ಮಣೆ, ಒನಕೆ, ಬೀಸುವ ಕಲ್ಲು, ಹುಳ ಹಿಡಿದ ರಾಗಿಯ ಗುಡಾಣ, ಎಲ್ಲವೂ ಟ್ರ್ಯಾಕ್ಟರ್ ಏರಿ ತೋಟದ ಬತ್ತಿದ ಬಾವಿಗೆ ಹೋದವು. ಕೊನೆಗೆ ಬಿದ್ದ ಗುಡಾಣ ಒಡೆದು ರಾಗಿ ಚೆಲ್ಲಿತು, ಮೇಲೆ ಮಣ್ಣು ಬಿತ್ತು.

ವಾಕರ್ ಹಿಡಿದು ಮನೆಗೆ ಬಂದವಳು ನಡುಮನೆಯ ಬರಿದಾದ ಮೂಲೆ ನೋಡುತ್ತ ನಿಂತಳು.

"ಗುಡಾಣದಾಗೆ ನನ್ ಲಿಂಗ ಇತ್ತಲ್ಲೋ ಯೋಗಿ."

"ತೆಗೆಸ್ತೀನಿ ಬುಡವ್ವ, ಜೆಸಿಬಿ ಕರ್ಸಿ."

ಜೆಸಿಬಿ ಬಂದರೆ ಬಾವಿಯ ಸುತ್ತಲಿನ ತೆಂಗಿನ ಸಸಿಗಳು ಹೋಗುತ್ತಿದ್ದವು. ಇವತ್ತು ನಾಳೆ ಎನ್ನುತ್ತ ಮಳೆಗಾಲ ಬಂತು. ಹೊಸದು ತಂದುಕೊಡುತ್ತೇನೆಂದ. ಅವಳು ಬೇಡವೆಂದಳು. ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಸುಮ್ಮನಾದಳಲ್ಲ ಎಂದು ಅವನಿಗೆ ನಿಜಕ್ಕೂ ಹಗುರಾಗಿತ್ತು.

*

"ಲಾಕರೂ ಇಲ್ಲ, ಮಣ್ಣೂ ಇಲ್ಲ ಬುದ್ಧಿ. ಬಾವೀಲೈತೆ," ಎಂದಳು ಹೊಂಬಾಳಮ್ಮ. "ದಿನಾ ವಾಕರ್ ತಳ್ಕಂಡು ತೋಟಕ್ಕೋಗಿ, ಬಾವಿ ಮುಂದೆ ಎಡಗೈ ಚಾಚ್ಕಂಡ್ ಕುಂತಿರೋಳು. ಬರೀ ಕೈಗೆ ಪೂಜೆ ಮಾಡೋಳು. ಅದಾದ ಮ್ಯಾಕೇ ತುತ್ತು ಮುಟ್ಟೋಳು."

"ಅತ್ತೆಗೆ ಅರಳುಮರಳು ಅಂದ್ಕಂಡಿದ್ವಿ," ಎಂದಳು ಸೌಂದರ್ಯ.

"ನಿಂಗೆ ಹಂಗ್ ಕಾಣ್ತದೆ ಬುಡವ್ವ," ಎಂದಳು ಹೊಂಬಾಳಮ್ಮ.

ಯಾರೋ ಬೈಕಿನಲ್ಲಿ ಹೋಗಿ ಅಂಗಡಿಯ ಬಾಗಿಲು ತೆಗೆಸಿ ಹೊಸ ಲಿಂಗ ತಂದರು. ಪ್ಲಾಸ್ಟಿಕ್ ಕವರ್ ಬಿಚ್ಚಿ ಕರಿಬಸವಯ್ಯ ಅದನ್ನು ಆಕೆಯ ಅಂಗೈಯಲ್ಲಿಟ್ಟರು. ಸೆಟೆದ ಬೆರಳುಗಳು ಅದನ್ನು ಹಿಡಿದುಕೊಳ್ಳಲಿಲ್ಲ. ಬಟ್ಟೆ ಸುತ್ತಿ ಕಟ್ಟಬೇಕಾಯಿತು.

ತೋಟದಲ್ಲಿ ಸಿದ್ದಗಂಗಮ್ಮನ ಗಂಡನ ಗದ್ದುಗೆಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಅದರಾಚೆ, ಮುಚ್ಚಿದ ಬಾವಿಯ ಮೇಲೆ, ಯಾರೂ ಬಿತ್ತದ ರಾಗಿ ಎದ್ದು ತೆನೆ ಬಿಟ್ಟಿತ್ತು. ಅವ್ವ ದಿನಾ ಕೂರುತ್ತಿದ್ದ ಕಡೆ ಮಾತ್ರ ನೆಲ ಬೋಳಾಗಿತ್ತು. ಯೋಗೀಶ್ ಈ ತಿಂಗಳುಗಳಲ್ಲಿ ಇತ್ತ ಬಂದಿರಲಿಲ್ಲ.

ಆಕೆಯನ್ನು ಗುಂಡಿಗಿಳಿಸಿ ಪತ್ರೆ ಹಾಕಿ ಮಣ್ಣೆಳೆದರು. ಗದ್ದುಗೆ ಎತ್ತರಿಸಲು ಮಣ್ಣು ಸಾಲಲಿಲ್ಲ.

"ಬಾವಿ ಮೇಲಿನ್ ಮಣ್ಣು ಸಡಿಲವಾಗೈತೆ, ಅದ್ನೇ ತುಂಬ್ಕಳ್ರಲಾ," ಎಂದರು ಯಾರೋ.

ಗುದ್ದಲಿಗಳು ರಾಗಿಯ ಬುಡಕ್ಕೆ ಬಿದ್ದವು. ಬುಟ್ಟಿಗಳು ಬರತೊಡಗಿದವು. ಒಂದರಿಂದ ಬೇರುಸಮೇತ ಪೈರು ಬಿತ್ತು, ಇನ್ನೊಂದರಿಂದ ಗುಡಾಣದ ಚೂರು. ಸುರಿದ ಪ್ರತಿ ಬುಟ್ಟಿಗೂ ಯೋಗೀಶ್ ಮಂಡಿಯೂರಿ ಬಗ್ಗಿ, ಹೆಂಟೆಗಳನ್ನು ಬೆರಳಿನಿಂದ ಒಡೆದು ನೋಡುತ್ತಿದ್ದ.

"ಏಳ್ರೀ, ಜನ ನೋಡ್ತವ್ರೆ," ಎಂದಳು ಸೌಂದರ್ಯ.

ಅವನು ಮುಂದಿನ ಬುಟ್ಟಿಗೆ ಕೈ ಚಾಚಿದ.