ಇದ್ದು, ಇಲ್ಲೆ

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನ ಜ್ವರದ ಶೀಟುಗಳು ಮಧ್ಯಾಹ್ನ ಮೂರಕ್ಕೆ ಬಿಂದುಶ್ರೀಯ ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು. ಮಂಗನ ಕಾಯಿಲೆಯ ಕಾಲ. ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಯಾರಿಗೆ ಜ್ವರ ಎಂದು ಮೊಬೈಲಿನಲ್ಲೇ ತುಂಬಿ ಕಳಿಸುವರು. ಮೂರನ್ನೂ ಸೇರಿಸಿ, ಜ್ವರ ಇದ್ದವರ ಪಟ್ಟಿ ತೆಗೆಯುವುದು ಸಾಗರದ ಕಚೇರಿಯಲ್ಲಿ ಗುತ್ತಿಗೆಯ ಮೇಲಿದ್ದ ಬಿಂದುವಿನ ಕೆಲಸ. ಆ ಪಟ್ಟಿಯಲ್ಲಿ ಹೆಸರಿದ್ದರೆ ಮರುದಿನ ಬೆಳಿಗ್ಗೆ ರಕ್ತ ತೆಗೆಯುವ ಗಾಡಿ ಮನೆ ಬಾಗಿಲಿಗೆ ಹೋಗುತ್ತಿತ್ತು. ಹೆಸರಿಲ್ಲದಿದ್ದರೆ ಇಲ್ಲ.

ಒಂದೊಂದು ಶೀಟಿನದು ಒಂದೊಂದು ಅವತಾರ. ಹೊಸನಗರದವರು ಹೆಸರಿಗಿಂತ ಮೊದಲು ವಯಸ್ಸು ಬರೆಯುವರು, ತೀರ್ಥಹಳ್ಳಿಯವರು ಊರನ್ನು ಇಂಗ್ಲಿಷಿನಲ್ಲಿ ಹಾಕುವರು. ಆರು ವರ್ಷ ಸಾಲು ಸಾಲಾಗಿ ಕಣ್ಣಲ್ಲೇ ಓದಿ ಅವಳ ಕುತ್ತಿಗೆ ಹಿಡಿದುಹೋಗಿತ್ತು. ಈ ವರ್ಷ ವಿಡಿಯೊ ನೋಡಿ ಪೈಥಾನ್ ಕಲಿತು, ಎಕ್ಸೆಲ್ ಶೀಟಿಗೆ ನಲವತ್ತು ಸಾಲಿನ ಕೋಡ್ ಜೋಡಿಸಿದಳು. ಮೂರು ಗಂಟೆಯ ಕೆಲಸ ಒಂದು ಲೋಟ ಚಹಾ ಕುಡಿಯುವುದರೊಳಗೆ ಮುಗಿಯತೊಡಗಿತು. ಮೇಲಧಿಕಾರಿ ಬೆಳ್ಳಪ್ಪನವರು ಶಹಬ್ಬಾಸ್ ಅಂದು, ಬಿಡುವಾಯಿತಲ್ಲ ಎಂದು ಸತ್ತ ಮಂಗಗಳ ಶೀಟನ್ನೂ ಅವಳ ತಲೆಗೆ ಕಟ್ಟಿದರು. ಕೆಲಸ ಬೇಗ ಮಾಡಿದವರಿಗೆ ಕಚೇರಿಗಳಲ್ಲಿ ಸಿಗುವ ಬಹುಮಾನವೇ ಅದು.

ಹತ್ತು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಹನ್ನೊಂದನೆಯ ದಿನ ಶ್ರೀಗೌರಿಯ ಫೋನು ಬಂತು. ಹೊನ್ನೆಮರಡಿನ ಕಡೆ, ಹಿನ್ನೀರಿನ ದಂಡೆಯ ಊರೊಂದರ ಆಶಾ ಅವಳು. ಹೊರಗಿನವರ ಹತ್ತಿರ ಎಲ್ಲರಂತೆ ಮಾತಾಡುವವಳು. ಸಿಟ್ಟು ಬಂದರೆ ಮಾತ್ರ ಮನೆಮಾತು ಬಾಯಿಗೆ ಬರುವುದು; ಬರೆಯುವುದಂತೂ ಯಾವಾಗಲೂ ಅದರಲ್ಲೇ.

“ದುಗ್ಗಮ್ಮಂಗೆ ಜ್ವರ ಇದ್ದು ಹೇಳಿ ಮೂರು ದಿನದಿಂದ ಬರಿತಾ ಇದ್ದಿ. ಗಾಡಿ ಬತ್ತಾ ಇಲ್ಲೆ. ಎಂತ ಮಾಡ್ತಾ ಇದ್ರಿ ನಿಂಗೊ ಅಲ್ಲಿ?”

ಬಿಂದು ಶೀಟು ತೆರೆದಳು. ದುಗ್ಗಮ್ಮ, ಐವತ್ತೆಂಟು, ಜ್ವರ: ಇದ್ದು. ಮೂರು ದಿನವೂ ಅದೇ. ಕೋಡಿಗೆ ಅವಳು ಹೇಳಿಕೊಟ್ಟಿದ್ದು ಒಂದೇ: ‘ಇದೆ’ ಎಂದಿದ್ದರೆ ಜ್ವರ, ಬೇರೇನಿದ್ದರೂ ಇಲ್ಲ. ಶ್ರೀಗೌರಿಯ ಮನೆಮಾತಿನಲ್ಲಿ ‘ಇದೆ’ ಅನ್ನುವುದಕ್ಕೆ ‘ಇದ್ದು’ ಅನ್ನುತ್ತಾರೆಂದು ಸಾಗರದಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆರು ವರ್ಷ ಅವಳ ಕಣ್ಣು ‘ಇದ್ದು’ವನ್ನು ‘ಇದೆ’ ಎಂದೇ ಓದಿ ಮುಂದೆ ಹೋಗಿತ್ತು, ಓದುತ್ತಿರುವುದು ಅವಳಿಗೇ ಗೊತ್ತಾಗದಷ್ಟು ಸಲೀಸಾಗಿ. ಗೊತ್ತಾಗದೆ ಮಾಡುತ್ತಿದ್ದುದನ್ನು ಕೋಡಿಗೆ ಹೇಗೆ ಹೇಳಿಕೊಡುತ್ತಾಳೆ?

“ತಪ್ಪು ನಂದೇ ಗೌರಕ್ಕ,” ಅಂದಳು. “ಈಗ್ಲೇ ಗಾಡಿ ಕಳಿಸ್ತೀನಿ.”

ಗಾಡಿ ಹೋಯಿತು. ಅಷ್ಟರಲ್ಲಿ ದುಗ್ಗಮ್ಮನ ವಸಡಿನಿಂದ ರಕ್ತ ಬರುತ್ತಿತ್ತಂತೆ. ನೆಟ್ಟಗೆ ಆಸ್ಪತ್ರೆಗೇ ಸೇರಿಸಿದರು. ಎಲ್ಲರೂ ‘ಇದೆ’ ಎಂದೇ ಬರೆಯಬೇಕೆಂದು ಒಂದು ಸುತ್ತೋಲೆ ಹೊರಡಿಸಿಬಿಡೋಣ ಅಂದರು ಬೆಳ್ಳಪ್ಪನವರು. ಬಿಂದು ಅದರ ಬದಲು ‘ಇದ್ದು’ವಿಗೆ ಕೋಡಿನಲ್ಲಿ ಒಂದು ಸಾಲು ಸೇರಿಸಿದಳು. ಆದರೂ ಕೋಡಿನ ಮೇಲೆ ನಂಬಿಕೆ ಹೋಗಿತ್ತು. ಅಂದಿನಿಂದ ಕೋಡ್ ಓಡಿದ ಮೇಲೆ ಮೂರೂ ಶೀಟುಗಳನ್ನು ಮತ್ತೆ ಕಣ್ಣಲ್ಲೇ ಓದತೊಡಗಿದಳು. ಕೆಲಸ ಮೊದಲಿಗಿಂತ ಹೆಚ್ಚಾಯಿತು. ದುಗ್ಗಮ್ಮ ಹೇಗಿದ್ದಾಳೆಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಎಂಟು ದಿನದ ಮೇಲೆ ಶ್ರೀಗೌರಿಯ ಶೀಟಿನಲ್ಲಿ ಮತ್ತೆ ಆ ಹೆಸರು ಬಂತು. ದುಗ್ಗಮ್ಮ, ಜ್ವರ: ಇಲ್ಲೆ. ಕೋಡ್ ‘ಇಲ್ಲ’ ಎಂದು ಹಾಕಿ ಮುಂದೆ ಹೋಗಿತ್ತು. ಬಿಂದುವಿಗೆ ಮುಂದೆ ಹೋಗಲಾಗಲಿಲ್ಲ. ಆ ಮಾತನ್ನು ಜ್ವರಕ್ಕೂ ಅನ್ನುತ್ತಾರೆ, ಮನುಷ್ಯರಿಗೂ ಅನ್ನುತ್ತಾರೆ. ಫೋನು ಹಚ್ಚಿದಳು.

“ಗೌರಕ್ಕ, ಇಲ್ಲೆ ಅಂತ ಬರ್ದಿದೀರಲ್ಲ. ಇಲ್ದಿರೋದು ಜ್ವರನಾ, ದುಗ್ಗಮ್ಮನಾ?”

ಶ್ರೀಗೌರಿಗೆ ಈ ಸಲ ಸಿಟ್ಟಿರಲಿಲ್ಲ, ಆದರೂ ಬಂದದ್ದು ಮನೆಮಾತೇ.

“ಜ್ವರ ಇಲ್ಲೆ ಮಾರಾಯ್ತಿ. ದುಗ್ಗಮ್ಮ ಇದ್ದು. ಗಂಜಿ ಉಂಡು ಜಗಲೀಲಿ ಕೂತಿದ್ದು.”

ಬಿಂದು ಫೋನಿಟ್ಟು ಮೇಜಿನ ಮೇಲೆ ತಲೆಯಿಟ್ಟಳು. ಅಳು ಬಂತು, ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮುಂದಿನ ಸಾಲು ಓದಿದಳು.